ಹೊರಹಾಕಿಸಿಕೊಳ್ಳುವ ಕಲೆ

ಪರದೇಶಕ್ಕೆ ಹೊರಟ ಮಗನ ಸೂಟ್‌ಕೇಸನ್ನು ನಮ್ಮಲ್ಲಿ ಮನೆಮಂದಿಯೆಲ್ಲ ಸೇರಿ ತುಂಬುತ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿ, ದೇವರ ಪಟ. ಜಾಗ ಉಳಿದರೆ ಬಟ್ಟೆ. 1949ರಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋದ ಚಿತ್ರಕಾರ ಫ್ರಾನ್ಸಿಸ್ ನ್ಯೂಟನ್ ಸೋಜಾನ ಪೆಟ್ಟಿಗೆಯಲ್ಲಿ ಏನಿತ್ತೋ, ತಲೆಯಲ್ಲಂತೂ ಗೋವಾದ ಇಗರ್ಜಿ ಇತ್ತು. ಪಾದ್ರಿಗಳು, ಶಿಲುಬೆಯ ಮೇಲಿನ ಕ್ರಿಸ್ತ, ಮುಳ್ಳು, ಮೊಳೆ ಎಲ್ಲವೂ ಜೊತೆಗಿದ್ದವು. ಕಸ್ಟಮ್ಸಿನವರು ಎಷ್ಟು ತಡಕಿದರೂ ಸಿಗದ ಸಾಮಾನು.

ಹೋದ ಎಂದೆ. ಆದರೆ ಈತ ತಾನಾಗಿ ಹೋದದ್ದಕ್ಕಿಂತ ಹೊರಹಾಕಿಸಿಕೊಂಡದ್ದೇ ಹೆಚ್ಚು. ಹುಟ್ಟಿದ್ದು 1924ರಲ್ಲಿ, ಗೋವಾದ ಸಾಲಿಗಾಂವ್‌ನಲ್ಲಿ. ಕಣ್ಣು ಬಿಡುವಷ್ಟರಲ್ಲಿ ತಂದೆ ತೀರಿಕೊಂಡರು. ತಾಯಿ ಮುಂಬಯಿಯಲ್ಲಿ ಬಟ್ಟೆ ಹೊಲಿದು ಮಗನನ್ನು ಸಾಕಿದರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಮುಂಬಯಿ ಇಂಗ್ಲಿಷರ ಕೈಯಲ್ಲಿ. ಅಂದರೆ ಹಡಗು ಹತ್ತುವ ಮೊದಲೇ ಹುಡುಗ ಒಂದು ಪರದೇಶ ಕಂಡಾಗಿತ್ತು. ನಡುವೆ ಸಿಡುಬು ಬಂತು. ಬದುಕಿದರೆ ಪಾದ್ರಿ ಮಾಡುತ್ತೇನೆಂದು ತಾಯಿ ಸಂತ ಫ್ರಾನ್ಸಿಸ್ ಜೇವಿಯರ್‌ಗೆ ಹರಕೆ ಹೊತ್ತರು. ಹುಡುಗ ಉಳಿದ, ಹೆಸರಿಗೆ ಫ್ರಾನ್ಸಿಸ್ ಸೇರಿತು, ಪಾದ್ರಿಗಿರಿ ಮಾತ್ರ ಬರಲಿಲ್ಲ. ಹರಕೆ ಬಾಕಿ ಇಟ್ಟವರನ್ನು ದೇವರು ಬಿಡುವುದಿಲ್ಲ ಎನ್ನುತ್ತಾರೆ ನಮ್ಮ ಅಜ್ಜಿಯರು. ನಿಜ, ಬಿಡಲಿಲ್ಲ. ಜೀವಮಾನವಿಡೀ ಈತ ಕ್ರಿಸ್ತನನ್ನೂ ಪಾದ್ರಿಗಳನ್ನೂ ಬರೆಯುತ್ತ ಕೂರಬೇಕಾಯಿತು.

ಸೇಂಟ್ ಜೇವಿಯರ್ಸ್ ಶಾಲೆಯಿಂದ ಹೊರಬಿದ್ದದ್ದು ಪಾಯಿಖಾನೆಯ ಗೋಡೆಯ ಪೋಲಿ ಚಿತ್ರಗಳಿಂದಾಗಿ. ಬರೆದವರು ಬೇರೆಯವರು, ಕೆಟ್ಟದಾಗಿ ಬರೆದಿದ್ದರು, ನಾನು ತಿದ್ದಿದೆ ಅಷ್ಟೇ ಎಂಬುದು ಈತನ ಸಮಜಾಯಿಷಿ ಎಂದು ಕತೆ. ಇಂಥ ವಿದ್ಯಾರ್ಥಿಯನ್ನು ಯಾವ ಮೇಷ್ಟರು ತಾನೇ ಇಟ್ಟುಕೊಂಡಾರು? 1945ರಲ್ಲಿ ಜೆ.ಜೆ. ಕಲಾಶಾಲೆಯೂ ಕೈಬಿಟ್ಟಿತು, ಈ ಸಲ ಕಾರಣ ಕ್ವಿಟ್ ಇಂಡಿಯಾ ಚಳವಳಿ. ಎಲ್ಲೂ ಸಲ್ಲದವನು ತಾನೇ ಒಂದು ಗುಂಪು ಕಟ್ಟುವುದು ಲೋಕರೂಢಿ. 1947ರಲ್ಲಿ ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಇವರನ್ನು ಸೇರಿಸಿಕೊಂಡು ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದ. ಆಮೇಲೆ ಈತನ ಚಿತ್ರಗಳು ಅಶ್ಲೀಲವೆಂಬ ಗಲಾಟೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ, ಒಪ್ಪೋಣ. ಆದರೆ ಈ ಗಿಡ ಮುಟ್ಟಿದವರಿಗೆಲ್ಲ ತುರಿಕೆ ಹತ್ತಿಸುವಂಥದ್ದು.

ಲಂಡನ್ನಿನಲ್ಲಿ ಹೊರಹಾಕುವವರೂ ಇರಲಿಲ್ಲ, ಏಕೆಂದರೆ ಒಳಗೆ ಕರೆದವರೇ ಇರಲಿಲ್ಲ. ಹೆಂಡತಿ ಮರಿಯಾ ದುಡಿದು ಮನೆ ನಡೆಸಿದರು. ಚಿತ್ರ ಮಾರಾಟವಾಗದ ಚಿತ್ರಕಾರನಿಗೆ ಬರವಣಿಗೆಯಾದರೂ ಖರ್ಚಿಲ್ಲದ ಚಟ: ಕ್ಯಾನ್ವಾಸಿಗಿಂತ ಕಾಗದ ಅಗ್ಗ. 1955ರಲ್ಲಿ ಕವಿ ಸ್ಟೀಫನ್ ಸ್ಪೆಂಡರ್ ಸಂಪಾದಕರಾಗಿದ್ದ 'ಎನ್‌ಕೌಂಟರ್' ಪತ್ರಿಕೆಯಲ್ಲಿ ಈತನ ಆತ್ಮಕಥನದ ಪ್ರಬಂಧ 'ನಿರ್ವಾಣ ಆಫ್ ಎ ಮ್ಯಾಗಟ್' ಅಚ್ಚಾಯಿತು. ಅದೇ ವರ್ಷ ಗ್ಯಾಲರಿ ಒನ್‌ನಲ್ಲಿ ನಡೆದ ಪ್ರದರ್ಶನದಲ್ಲಿ ಚಿತ್ರಗಳೆಲ್ಲ ಖರ್ಚಾದವು. ಆರು ವರ್ಷ ಕುಂಚ ತಟ್ಟಿದರೂ ತೆರೆಯದ ಬಾಗಿಲಿಗೆ ಲೇಖನಿ ಹೋಗಿ ಚಿಲಕ ತೆಗೆಯಿತು. ಎರಡು ವಿದ್ಯೆ ಇದ್ದವರ ಪಾಡು ನಮ್ಮಲ್ಲಿ ಬೇರೆ: ಸಾಹಿತಿಗಳು 'ಅವರು ಚಿತ್ರಕಾರರಲ್ಲವೇ' ಎನ್ನುತ್ತಾರೆ, ಚಿತ್ರಕಾರರು 'ಅವರು ಸಾಹಿತಿಗಳಲ್ಲವೇ' ಎನ್ನುತ್ತಾರೆ. ಇಬ್ಬರೂ ಗೌರವದಿಂದಲೇ ದಾಟಿಸಿಬಿಡುತ್ತಾರೆ.

ಆಮೇಲೆ ಹೆರಾಲ್ಡ್ ಕೋವ್ನರ್ ಎಂಬ ಅಮೆರಿಕದ ಶ್ರೀಮಂತ ಚಿತ್ರಗಳಿಗೆ ಬದಲಾಗಿ ಕೆಲವು ವರ್ಷ ಹಣ ಕಳಿಸುತ್ತಿದ್ದ. 1967ರಲ್ಲಿ ಸೋಜಾ ನ್ಯೂಯಾರ್ಕಿಗೇ ಹೋದ. ಪತ್ರಿಕೆಯ ಪುಟಗಳ ಶಾಯಿಯನ್ನು ರಾಸಾಯನಿಕದಿಂದ ಕರಗಿಸಿ, ಅದರ ಮೇಲೆಯೇ ತನ್ನ ಚಿತ್ರ ಮೂಡಿಸುತ್ತಿದ್ದ. ಅಚ್ಚಾದದ್ದನ್ನೂ ತಿದ್ದದೆ ಬಿಡದ ಕೈ ಅದು! 2002ರಲ್ಲಿ ತೀರಿಕೊಂಡದ್ದು ಮುಂಬಯಿಯಲ್ಲಿ.

1955ರ 'ಬರ್ತ್' ಎಂಬ ಚಿತ್ರದಲ್ಲಿ ಬೆತ್ತಲೆ ಗರ್ಭಿಣಿಯ ಪಕ್ಕ ಪಾದ್ರಿಯ ನಿಲುವಂಗಿ ತೊಟ್ಟ ಗಂಡಸೊಬ್ಬನಿದ್ದಾನೆ. 2015ರಲ್ಲಿ ಅದು 40 ಲಕ್ಷ ಡಾಲರಿಗೂ ಮೇಲೆ ಹರಾಜಾಯಿತು. ಹರಾಜಿನವರು ಕ್ಯಾಟಲಾಗಿನಲ್ಲಿ ಉದ್ದಗಲ, ಬಣ್ಣದ ಜಾತಿ, ಹಿಂದಿನ ಒಡೆಯರು ಎಲ್ಲವನ್ನೂ ನಮೂದಿಸುತ್ತಾರೆ. ಚಿತ್ರಕಾರನ ಅನ್ನದ ಖರ್ಚು ಯಾರದು ಎಂಬ ಕಾಲಂ ಮಾತ್ರ ಇರುವುದಿಲ್ಲ. ಇದ್ದಿದ್ದರೆ ಎಷ್ಟೋ ಮಹಾನ್ ಚಿತ್ರಗಳ ಕೆಳಗೆ, ಕಲಾವಿದನ ದೊಡ್ಡ ರುಜುವಿನ ಪಕ್ಕದಲ್ಲಿ, ಬಟ್ಟೆ ಹೊಲಿಯುವ ತಾಯಿಯದೂ ಕೆಲಸಕ್ಕೆ ಹೋಗುವ ಹೆಂಡತಿಯದೂ ಸಹಿ ಬೀಳುತ್ತಿತ್ತು.