ಎಷ್ಟು ಮನೆ ಸಾರ್?

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು. ಜೂನ್ 18ರ ಬೆಳಿಗ್ಗೆ ಕಾಫಿ ಹೀರುತ್ತ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಓದಿದೆ. ಜೂನ್ 21 ವಿಶ್ವ ಸಂಗೀತ ದಿನ. 1982ರಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವ ಜ್ಯಾಕ್ ಲಾಂಗ್ ಶುರು ಮಾಡಿಸಿದ್ದು. ಆ ದಿನ ಅಲ್ಲಿ ಬಲ್ಲವರು, ಬಾರದವರು ಎಲ್ಲರೂ ವಾದ್ಯ ಹಿಡಿದು ಬೀದಿಗಿಳಿಯುತ್ತಾರಂತೆ. ‘ಬಾರದವರು’ ಅನ್ನುವ ಮಾತು ನನ್ನನ್ನೇ ಹೆಸರು ಹಿಡಿದು ಕರೆದ ಹಾಗಾಯಿತು. ನನಗೆ ಬರುವ ವಾದ್ಯ ಪ್ರೆಷರ್ ಕುಕ್ಕರ್ ಒಂದೇ. ಅದರ ವಿಷಲ್ಲನ್ನೂ ತಪ್ಪು ಎಣಿಸುತ್ತೇನೆ.

“ಪ್ಯಾರಿಸ್‌ನವರಿಗೆ ಆಗೋದು ಮೈಸೂರಿನವರಿಗೆ ಆಗಲ್ವಾ?” ಅಂದೆ.

“ಮೈಸೂರಿನವರಿಗೆ ಆಗುತ್ತೆ. ನಿಮಗಾಗಲ್ಲ ಅಷ್ಟೇ,” ಅಂದಳು ಹೆಂಡತಿ, ಸೊಪ್ಪು ಬಿಡಿಸುತ್ತ.

ಅಲ್ಲಿಗೆ ಮುಗಿಯಿತು. ಇನ್ನು ಮಾಡದೆ ಬಿಡುವ ಹಾಗಿರಲಿಲ್ಲ. ನಮ್ಮೂರಿನ ವಾಣಿವಿಲಾಸ ಮೊಹಲ್ಲಾದ 8ನೇ ಕ್ರಾಸಿನಲ್ಲಿ ಗಣಪತಿ ಹಬ್ಬ ಬಂತೆಂದರೆ ರಸ್ತೆಗೇ ಪೆಂಡಾಲು ಹಾಕಿ ಘಟಾನುಘಟಿಗಳ ಕಚೇರಿ ಮಾಡಿಸುತ್ತಾರೆ. ವರ್ಷಾನುಗಟ್ಟಲೆ ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ತಪ್ಪುತಾಳ ಹಾಕಿದ ಅನುಭವ ನನ್ನದು. ಕುರ್ಚಿಯಲ್ಲಿ ಕೂತವನಿಗೆ ಪೆಂಡಾಲು ಕಟ್ಟುವುದು ಸುಲಭ ಅನಿಸುತ್ತದೆ. ನಿಮಗೂ ಅನಿಸಿರುತ್ತದೆ, ಸುಳ್ಳು ಹೇಳಬೇಡಿ.

ಮೂರು ದಿನದಲ್ಲಿ ಕಲಾವಿದರು ಬೇಕು. ಹಿಂದಿನ ಬೀದಿಯ ಹಸಿರು ಗೇಟಿನ ಮನೆಯಿಂದ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅಮೋಘವಾದ ಪಿಟೀಲು ಕೇಳುತ್ತಿತ್ತು. ನುಗ್ಗಿಯೇ ಬಿಟ್ಟೆ. ಬಾಗಿಲು ತೆಗೆದ ಹಿರಿಯರ ಕಾಲಿಗೆ ಬಿದ್ದು, “ನಿಮ್ಮ ಕೈ ದೈವದತ್ತ ಸಾರ್, ಆ ಕಮಾನಿನ ಹಿಡಿತ ಆಹಾ!” ಎಂದು ಐದು ನಿಮಿಷ ಹೊಗಳಿದೆ. ಅವರು ಸಂಕೋಚದಿಂದ ಒಳಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲಿದ್ದ ರೇಡಿಯೋ ತೋರಿಸಿದರು. ಆಕಾಶವಾಣಿ. ಪುಣ್ಯಾತ್ಮರು ನನ್ನ ಮುಖ ನೋಡಲಾರದೆ, “ನಾನು ನುಡಿಸೋದು ಇದನ್ನೇ. ಆದರೆ ಸ್ಟೇಷನ್ ಚೆನ್ನಾಗಿ ಹಿಡೀತೀನಿ, ಬರಲಾ?” ಅಂದರು. ಧ್ವನಿ ವ್ಯವಸ್ಥೆಯ ಉಸ್ತುವಾರಿ ಅವರಿಗೇ ಕೊಟ್ಟೆ.

ಮೃದಂಗದ ವಿದ್ವಾಂಸರು ನಿಜಕ್ಕೂ ಸಿಕ್ಕರು. ಫೋನಿನಲ್ಲಿ ಒಪ್ಪಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು. “ಹಾಡೋರದ್ದು ಎಷ್ಟು ಮನೆ ಸಾರ್?”

ಹಾಡಲು ಒಪ್ಪಿದ್ದವರು ಮುಂದಿನ ಕ್ರಾಸಿನ ಬ್ಯಾಂಕ್ ಮೇಡಮ್. ಅವರ ಆಸ್ತಿಪಾಸ್ತಿ ಇವರಿಗೇಕೆ ಅನಿಸಿದರೂ ಕಲಾವಿದರ ಮನಸ್ಸು ನೋಯಿಸಬಾರದು ಎಂದು, “ಎರಡು ಮನೆ ಸಾರ್. ಒಂದು ಬಾಡಿಗೆಗೆ ಕೊಟ್ಟಿದ್ದಾರೆ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. “ಸರಿ, ಎರಡು ಮನೆ” ಎಂದು ಇಟ್ಟುಬಿಟ್ಟರು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿ ಹೇಳುತ್ತಾರೆ ಎನ್ನುವುದು ನನಗೆ ತಿಳಿದದ್ದು ಕಚೇರಿಯ ದಿನ. ಮೇಡಮ್ಮರದ್ದು ಐದೂವರೆ ಮನೆ. ಎರಡಕ್ಕೂ ಐದೂವರೆಗೂ ಬೀಗತನವೇ ಕೂಡಿಬರುವುದಿಲ್ಲವಂತೆ. ಶ್ರುತಿಗೆ ತಕ್ಕ ಹಾಗೆ ಮೃದಂಗದ ಅಳತೆಯೇ ಬೇರೆ. ಅವರು ಎರಡು ಮನೆಯದ್ದು ಹೊತ್ತು ತಂದಿದ್ದರು. ಜೊತೆಗೆ ಬಂದ ಇಂಜಿನಿಯರಿಂಗ್ ಹುಡುಗನ ಘಟ ಒಂದು ಮನೆಯದ್ದು. ಸುಟ್ಟ ಮಣ್ಣನ್ನು ತಿರುಚಿ ಶ್ರುತಿ ಮಾಡುವುದು ಎಲ್ಲಿಂದ ಬಂತು?

ಮೈಕಿಗೆ ಅನುಮತಿ ಬೇಕಲ್ಲ, ಪೊಲೀಸ್ ಠಾಣೆಗೆ ಹೋದೆ. ಠಾಣೆಯ ಮೆಟ್ಟಿಲು ಹತ್ತಿದರೆ ನನಗೆ ನನ್ನ ಹೆಸರೇ ಮರೆಯುತ್ತದೆ. “ಸಂಗೀತ ಕಾರ್ಯಕ್ರಮ” ಅನ್ನಲು ಹೋಗಿ “ಪಾರ್ಕಿನಲ್ಲಿ ಗಲಾಟೆ ಮಾಡೋಕೆ ಪರ್ಮಿಷನ್ ಬೇಕಿತ್ತು” ಅಂದುಬಿಟ್ಟೆ. ಅಧಿಕಾರಿ ನಗದೆ, ಕುರ್ಚಿ ಕೊಟ್ಟು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮೀರಬಾರದು ಎಂದು ವಿವರಿಸಿದರು.

“55 ಅಂದ್ರೆ ಎಷ್ಟು ಸಾರ್?”

“ನೀವೀಗ ಮಾತಾಡ್ತಿದೀರಲ್ಲ, ಅದಕ್ಕಿಂತ ಕಮ್ಮಿ.”

ಇಷ್ಟಕ್ಕೆ ನಿಂತಿದ್ದರೆ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ಅಂದು ರಾತ್ರಿ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಆಮಂತ್ರಣ ಟೈಪಿಸಿದೆ. ಕನ್ನಡಕ ಟೀವಿ ಮೇಲಿತ್ತು, ತರಲು ಸೋಮಾರಿತನ. “ಜೂನ್ 21, ಸಂಜೆ 5ಕ್ಕೆ ಪಾರ್ಕಿಗೆ ಬನ್ನಿ. ವಾದ್ಯವೃಂದ ಇರುತ್ತದೆ. ಪೂರ್ತಿ ಉಚಿತ. ಹಿರಿಯರಿಗೆ ಕುರ್ಚಿ ಉಂಟು” ಎಂದು ಬರೆದೆ. ಅಂದರೆ ಬರೆದೆನೆಂದು ತಿಳಿದೆ. ಕ್ಷಣದಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ! ಒಬ್ಬರು, “ಖಾಲಿ ಹೊಟ್ಟೇಲಿ ಬರಬೇಕಾ?” ಎಂದು ಕೇಳಿದರು. ಎಂಥ ರಸಿಕರು, ಹೊಟ್ಟೆ ಭಾರವಿದ್ದರೆ ಹಾಡಲು ಕಷ್ಟ ಎಂಬುದನ್ನೂ ಬಲ್ಲರು ಎಂದುಕೊಂಡು, “ಹೌದು, ಹಾಗೇ ಬಂದರೆ ಒಳ್ಳೇದು” ಅಂದೆ. ಇನ್ನೊಬ್ಬರು, “ಒಬ್ಬೊಬ್ಬರಿಗೆ ಎಷ್ಟು ಹೊತ್ತು?” ಅಂದರು. “ತಲಾ ಹತ್ತು ನಿಮಿಷ” ಅಂದೆ.

21ನೇ ತಾರೀಕು ಯೋಗ ದಿನವೂ ಹೌದು. ಬೆಳಿಗ್ಗೆ ಅದೇ ಪಾರ್ಕಿನಲ್ಲಿ ನೂರಾರು ಜನ ಶವಾಸನ ಹಾಕಿದ್ದರು. ನನ್ನ ಶವಾಸನ ಸಂಜೆಗಿತ್ತು. ಐದಕ್ಕೆ ಐದು ನಿಮಿಷ ಇರುವಾಗಲೇ ಜನ ಸೇರತೊಡಗಿದರು. ನನ್ನ ಎದೆ ಉಬ್ಬಿತು. ಆದರೆ ಒಬ್ಬರ ಕೈಯಲ್ಲೂ ವಾದ್ಯವಿಲ್ಲ, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕವರಿನಿಂದ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು, “ಡಾಕ್ಟ್ರೇ, ಈ ಮಂಡಿ ನೋಡಪ್ಪ” ಎಂದು ನನ್ನ ಮುಂದಿಟ್ಟರು. ಟೀವಿ ಮೇಲಿಂದ ಇಳಿದು ಮೂಗೇರಿದ್ದ ಕನ್ನಡಕದಲ್ಲಿ ಆಮಂತ್ರಣವನ್ನು ಮೊದಲ ಸಲ ಓದಿದೆ. “ವೈದ್ಯವೃಂದ ಇರುತ್ತದೆ. ಪೂರ್ತಿ ಉಚಿತ.” ನಲವತ್ತು ಚಿಲ್ಲರೆ ಜನ, ಅವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚು, ನನ್ನ ಮಾತು ನಂಬಿ ಮಧ್ಯಾಹ್ನದಿಂದ ಉಪವಾಸ ಕೂತಿದ್ದರು.

ತಲೆ ಗಿರ್ರೆನ್ನುತ್ತಿರುವಾಗ ಮೃದಂಗದವರು ಮೆಲ್ಲಗೆ ಕರೆದು, “ಸ್ವಲ್ಪ ರವೆ ಸಿಗುತ್ತಾ ಸಾರ್?” ಅಂದರು. ಪಾಪ, ಇವರಿಗೂ ಹಸಿವೆ! ಎಲ್ಲರ ಹೊಟ್ಟೆಯೂ ನನ್ನ ತಲೆಯ ಮೇಲೆ. “ಇಪ್ಪತ್ತು ನಿಮಿಷ” ಎಂದು ಓಡಿದೆ. ಅಡ್ಡದಾರಿ ಹಿಡಿದು ಪಾರ್ಕಿನ ಬೇಲಿ ಹಾರಿದೆ. ಎಲ್ಲೋ ಪರ್ರೆಂದದ್ದು ಕೇಳಿಸಿತು. ಮನೆಯಲ್ಲಿ ದೊಡ್ಡ ಬಾಂಡಲೆಯಿಟ್ಟು, ಹೆಂಡತಿಯ ಕೈಕಾಲು ಹಿಡಿದು, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿಸಿ, ಹೊಗೆಯಾಡುವ ಉಪ್ಪಿಟ್ಟನ್ನು ಹೊತ್ತು ತಂದು ವಿದ್ವಾಂಸರ ಮುಂದಿಟ್ಟೆ. ಅವರು ಬಾಂಡಲೆಯನ್ನು ನೋಡಿದರು, ಮೃದಂಗದ ಎಡ ಮುಖವನ್ನು ನೋಡಿದರು, ನನ್ನನ್ನು ನೋಡಿದರು. ಎಡಗಡೆ ನಾದ ಬರಬೇಕಾದರೆ ರವೆ ಕಲಸಿ ಅಲ್ಲಿ ಮೆತ್ತಬೇಕು. ಅದಕ್ಕೆ ಒಂದು ಹಿಡಿ ಹಸಿ ರವೆ ಕೇಳಿದ್ದರು. ಒಂದು ಎಸಳು ಕರಿಬೇವು ಎತ್ತಿ ಪಕ್ಕಕ್ಕಿಟ್ಟು, “ಒಗ್ಗರಣೆ ಹಾಕದೆ ತಂದಿದ್ದರೆ ಹೆಂಗೋ ಹಚ್ಚಬಹುದಿತ್ತು” ಅಂದರು.

ಇಷ್ಟರಲ್ಲಿ ಮೇಡಮ್ ಹಾಡಲು ಕೂತರು. ತಂಬೂರಿಗೆ ನನ್ನ ಫೋನಿನ ಆ್ಯಪ್ಪೇ ಗತಿ. ರೇಡಿಯೋ ಹಿರಿಯರು ಅದನ್ನು ಬ್ಲೂಟೂತಿನಲ್ಲಿ ಸ್ಪೀಕರಿಗೆ ಸೇರಿಸಿದ್ದರು. ಐದೂವರೆ ಮನೆಯ ಷಡ್ಜ ಪಾರ್ಕಿನ ತುಂಬ ಹರಡಿತು. ನಾನು ಸಭೆಗೆ ಬೆನ್ನು ಮಾಡಿ ನಿಂತು ಬಾಡಿಗೆಯ ಕುರ್ಚಿ ಎಣಿಸುತ್ತಿದ್ದೆ. ಫಕ್ಕನೆ ತಂಬೂರಿ ನಿಂತಿತು. ಅದೇ ಸ್ಪೀಕರಿನಲ್ಲಿ, 55 ಡೆಸಿಬಲ್ಲನ್ನು ಖಂಡಿತ ಮೀರಿ, ನನ್ನ ಹೆಂಡತಿಯ ದನಿ ಮೊಳಗಿತು. “ರೀ, ಹೇಳೋಕೆ ಮರೆತೆ. ನಿಮ್ಮ ಪ್ಯಾಂಟು ಹಿಂದೆ ಪೂರಾ ಹರಿದಿದೆ. ಯಾರಿಗೂ ಬೆನ್ನು ತೋರಿಸಿ ನಿಲ್ಲಬೇಡಿ.”

ಸಭೆಗೆ ಅದುವರೆಗೆ ಕಾಣದಿದ್ದದ್ದೂ ಆಗ ಕಂಡಿತು. ಎಕ್ಸ್‌ರೇ ಅಜ್ಜಿ ಮಾತ್ರ ತಮ್ಮ ಎಕ್ಸ್‌ರೇ ಕವರನ್ನೇ ಮುಂದೆ ಚಾಚಿ, “ಹಿಡ್ಕೋ ಮಗ, ಮರೆಗಾಗುತ್ತೆ” ಅಂದರು.

ಕವರನ್ನು ಹಿಂದೆ ಹಿಡಿದುಕೊಂಡು ನಿಂತವನ ಮೇಲೆ ಮುಂಗಾರೂ ಕರುಣೆ ತೋರಿತು, ಅಂದರೆ ಸುರಿಯಿತು. ಟಾರ್ಪಾಲು ನಡುವೆ ನೀರು ತುಂಬಿ ತುಂಬು ಗರ್ಭಿಣಿಯ ಹಾಗೆ ಜೋತುಬಿತ್ತು. ಎಲ್ಲರೂ “ಮುಟ್ಟಬೇಡಿ” ಎಂದರು. ನಾನು ಆಯೋಜಕ, ಮುಟ್ಟದೆ ಇರುವುದು ಹೇಗೆ? ಛತ್ರಿಯ ತುದಿಯಿಂದ ಹಗುರಾಗಿ ಎತ್ತಿದೆ. ಆ ನೀರು ಎಷ್ಟು ನ್ಯಾಯವಂತ ನೋಡಿ, ಮೃದಂಗದ ಮೇಲೆ ಒಂದು ಹನಿ ಬೀಳಲಿಲ್ಲ, ಉಪ್ಪಿಟ್ಟಿನ ಮೇಲೆ ಬೀಳಲಿಲ್ಲ, ಅಷ್ಟೂ ನನ್ನೊಬ್ಬನ ನೆತ್ತಿಗೇ ಇಳಿಯಿತು.

ಸ್ಪೀಕರ್ ಆರಿಸಿದರು. ಜನ ಮಳೆಗೆ ಸಿಕ್ಕಿ ಎದ್ದು ಹೋಗುವಂತಿರಲಿಲ್ಲ, ಹಸಿದಿದ್ದರು ಬೇರೆ. ಬಾಂಡಲೆ ಕೈಯಿಂದ ಕೈಗೆ ದಾಟಿತು. ಎರಡು ಮನೆಗೂ ಐದೂವರೆ ಮನೆಗೂ ಕಡೆಗೂ ರಾಜಿಯಾಗಲಿಲ್ಲವಾಗಿ, ಮೇಡಮ್ ಒಂದು ಕೃತಿ ಹಾಡುವಾಗ ವಿದ್ವಾಂಸರು ಉಪ್ಪಿಟ್ಟು ತಿಂದರು, ವಿದ್ವಾಂಸರು ತನಿ ನುಡಿಸುವಾಗ ಮೇಡಮ್ ತಿಂದರು. ಘಟದ ಹುಡುಗ ಎರಡು ಸಲವೂ ತಿಂದ. ಹೀಗೆ ಸರದಿಯ ಮೇಲೆ ನಡೆದ ಕಚೇರಿ ಬೇರೆಲ್ಲೂ ಆಗಿರಲಾರದು. ಹಿರಿಯರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಅದು ರಸಾನುಭವವೋ ತೂಕಡಿಕೆಯೋ ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಮಳೆ ನಿಂತ ಮೇಲೆ ಅಜ್ಜಿ ಎಕ್ಸ್‌ರೇ ಕವರು ವಾಪಸು ಕೇಳಲು ಬಂದರು. ನಾನು ಕೊಡುವ ಸ್ಥಿತಿಯಲ್ಲಿರಲಿಲ್ಲ. “ಇರಲಿ ಬಿಡು, ನಾಳೆ ಕೊಡುವೆಯಂತೆ,” ಎಂದು ಎರಡು ಹೆಜ್ಜೆ ನಡೆದು ಮತ್ತೆ ತಿರುಗಿದರು.

“ಕ್ಯಾಂಪು ಚೆನ್ನಾಗಿತ್ತಪ್ಪ. ಮುಂದಿನ ಸಲ ಕಣ್ಣಿನ ಡಾಕ್ಟ್ರನ್ನೂ ಕರೆಸ್ತೀಯಾ?”