ಎಂಬತ್ತೈದರ ಮಗ್ಗಿ ಮತ್ತು ಮಿಶಿಗನ್ ಸರೋವರ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ಅಪ್ಪಂದಿರಿಗೆ ಇಂಗ್ಲಿಷ್ ಬಾರದಿದ್ದರೂ ನಡೆಯುತ್ತದೆ, ಎಂಬತ್ತೈದರ ಮಗ್ಗಿ ಬರಲೇಬೇಕು. ಡಾಲರ್ ದರ ಆಚೀಚೆ ಆಗುತ್ತಿರುತ್ತದೆ, ನಿಜ. ಆದರೆ ಬೀದಿಯಲ್ಲಿ ನಿಂತು ಕಾಫಿಯ ಬೆಲೆಯನ್ನು ಎಂಬತ್ತೇಳು ಮುಕ್ಕಾಲರಿಂದ ಗುಣಿಸಲು ನಾನೇನು ಶಕುಂತಲಾ ದೇವಿಯೇ? ಎಂಬತ್ತೈದು ಸಾಕು. ಐದು ಡಾಲರ್ ಕಾಫಿ ಅಂದರೆ ನಾನೂರ ಇಪ್ಪತ್ತೈದು ರೂಪಾಯಿ. ಅದನ್ನು ಕೇಳಿದ ಮೇಲೆ ಕಾಫಿ ಕುಡಿಯುವ ಅಗತ್ಯವೇ ಬೀಳುವುದಿಲ್ಲ, ನಿದ್ದೆ ತಾನಾಗಿಯೇ ಹಾರಿಹೋಗಿರುತ್ತದೆ.

ಜೀವಮಾನವಿಡೀ ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿದವನು ನಾನು. ಸ್ವಂತ ದುಡ್ಡು ಹೊರಹೋಗುವುದನ್ನು ಕಣ್ಣಾರೆ ನೋಡಿ ಅಭ್ಯಾಸವಿಲ್ಲ. ನನ್ನ ಜೇಬಿನಲ್ಲಿ ಪರ್ಸಿಗಿಂತ ದಪ್ಪನೆಯ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಚಿಕಾಗೋದ ಹೊರವಲಯದಲ್ಲಿ ಮನೆ ಮಾಡಿರುವ ಮಗಳು ಒಂದು ದಿನ, "ಅಪ್ಪಾ, ಅಮ್ಮನಿಗೆ ಡೌನ್‌ಟೌನ್ ತೋರಿಸಿಕೊಂಡು ಬನ್ನಿ. ಊಟ, ಆರ್ಟು, ಶಾಪಿಂಗು, ಎಲ್ಲಾ ನಡೆದುಕೊಂಡೇ ಮುಗಿಸಬಹುದು" ಅಂದಳು. ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ನಡೆದುಕೊಂಡೇ' ಎಂಬುದೊಂದೇ. ನನ್ನವಳ ಕಿವಿಗೆ ಬಿದ್ದದ್ದು ಏನೆಂದು ಹೇಳಬೇಕಾಗಿಲ್ಲ. ಅಳಿಯ ನಮ್ಮಿಬ್ಬರನ್ನೂ ಮೆಟ್ರಾ ರೈಲು ಹತ್ತಿಸಿ, ಇಳಿಯುವ ಸ್ಟೇಷನ್ನಿನ ಹೆಸರನ್ನು ನನಗೆ ಹೇಳದೆ ಇವಳಿಗೆ ಹೇಳಿ ಹೋದ.

ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆಯುತ್ತಾ ಹೋದರೆ ರಸ್ತೆ ಮುಗಿದು ಮಿಶಿಗನ್ ಸರೋವರ ಶುರುವಾಗುತ್ತದೆ. ನಮಗೆ ಗೊತ್ತಿರುವ ಸರೋವರವೆಂದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ. ಬೆಳಿಗ್ಗೆ ಅದರ ಏರಿಯ ಮೇಲೆ ನಡೆದು ಬಂದು, ನಡೆದದ್ದನ್ನು ಮನೆಯಲ್ಲಿ ಮೂರು ಸಲ ಹೇಳಿ, ಒಂದು ಲೋಟ ಹೆಚ್ಚುವರಿ ಕಾಫಿ ಗಿಟ್ಟಿಸುವುದು ನನ್ನ ನಿತ್ಯಕರ್ಮ. ಇಲ್ಲಿ ನೋಡಿದರೆ ಆಚೆ ದಡವೇ ಕಾಣದು. ಅಲೆ ಬೇರೆ! ಮಾಹಿತಿ ಕೈಯಲ್ಲಿದ್ದಾಗ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ.

"ನೋಡೇ, 58,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಮ್ಮಿ, ಅಷ್ಟೇ. ದಡದ ಉದ್ದವೇ 2,600 ಕಿಲೋಮೀಟರ್. ನನ್ನ ಹಾಗೆ ದಿನಕ್ಕೆ ಐದು ಕಿಲೋಮೀಟರ್ ನಡೆದರೆ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದೂವರೆ ವರ್ಷ!"

"ಹೋಗಿ ಬನ್ನಿ" ಅಂದಳು ಇವಳು, ಕೈಚೀಲ ಸರಿಮಾಡಿಕೊಳ್ಳುತ್ತಾ. "ಅಷ್ಟರಲ್ಲಿ ನಾನು ನಾಲ್ಕು ಅಂಗಡಿ ನೋಡಿರ್ತೀನಿ."

ಅಂಗಡಿಗಳಿಂದ ಇವಳ ಗಮನ ತಿರುಗಿಸಲು ನನ್ನ ಬತ್ತಳಿಕೆಯಲ್ಲಿ ಉಳಿದದ್ದು ಒಂದೇ ಬಾಣ: ಕಲೆ. ಅದರಲ್ಲೂ ಪುಕ್ಕಟೆ ಕಲೆ. ಈ ವಿಷಯದಲ್ಲಿ ಚಿಕಾಗೋ ನನ್ನಂಥವರಿಗಾಗಿಯೇ ಕಟ್ಟಿದ ಊರು. ಮಿಲೆನಿಯಮ್ ಪಾರ್ಕಿಗೆ ಟಿಕೆಟ್ಟಿಲ್ಲ. ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರರ 'ಕ್ಲೌಡ್ ಗೇಟ್' ಇರುವುದು ಅಲ್ಲೇ. ಊರವರ ಬಾಯಲ್ಲಿ ಅದು ಬರೀ 'ಬೀನ್'. 168 ಸ್ಟೇನ್‌ಲೆಸ್ ಸ್ಟೀಲ್ ತಗಡುಗಳನ್ನು ಬೆಸೆದು, ಬೆಸುಗೆಯ ಒಂದು ಗೆರೆಯೂ ಕಾಣದಂತೆ ಪಾಲಿಶ್ ಮಾಡಿ 2006ರಲ್ಲಿ ಮುಗಿಸಿದ್ದು. ತೂಕ ಸುಮಾರು ನೂರು ಟನ್. ಅದರ ಮೈಮೇಲೆ ಆಕಾಶ, ಮೋಡ, ಮಿಶಿಗನ್ ಅವೆನ್ಯೂದ ಕಟ್ಟಡಗಳ ಸಾಲು, ಎಲ್ಲಕ್ಕಿಂತ ಕೆಳಗೆ ಫೋನು ಎತ್ತಿ ಹಿಡಿದ ನಾವೆಲ್ಲ. ಕಲಾವಿದ ಆಕಾಶವನ್ನೇ ನೆಲಕ್ಕಿಳಿಸಿದ್ದಾನೆ ಎಂದು ನಾನು ಭಾಷಣ ಶುರುಮಾಡಿದೆ. ಇವಳು ಬಗ್ಗಿ ಸ್ಟೀಲನ್ನು ಪರೀಕ್ಷಿಸುತ್ತಿದ್ದಳು.

"ರೀ, ಇಷ್ಟು ಜನ ಕೈಯಿಡ್ತಾರೆ. ಆದ್ರೂ ಎಷ್ಟು ಫಳಫಳ ಅಂತಿದೆ! ಯಾರು ಒರೆಸ್ತಾರೆ ಇದನ್ನ?"

ಫೋನಿನಲ್ಲಿ ಹುಡುಕಿದೆ. ಕೆಳಗಿನ ಆರು ಅಡಿಯನ್ನು ದಿನಕ್ಕೆರಡು ಸಲ ಕೈಯಲ್ಲೇ ಒರೆಸುತ್ತಾರಂತೆ. ವರ್ಷಕ್ಕೆರಡು ಸಲ ಇಡೀ ಬೀನಿಗೆ ಅಭ್ಯಂಜನ, 150 ಲೀಟರ್ ಟೈಡ್ ದ್ರಾವಣದಲ್ಲಿ. ಇದನ್ನು ಓದಿ ಹೇಳಬಾರದಿತ್ತು.

"ದಿನಕ್ಕೆರಡು ಸಲ! ಹಬ್ಬಕ್ಕೆ ಅಟ್ಟದ ಮೇಲಿಂದ ಒಂದು ಹಂಡೆ ಇಳಿಸಿಕೊಡಿ ಅಂದ್ರೆ ನಿಮಗೆ ಸೊಂಟ ನೋವು."

ವಿಷಯ ಬದಲಿಸೋಣವೆಂದು ಬೀನಿನ ಕಡೆ ತಿರುಗಿದರೆ, ಅದರ ಉಬ್ಬಿನಲ್ಲಿ ನನ್ನ ಹೊಟ್ಟೆ ಹಿಂದಿನ ಗಗನಚುಂಬಿಯನ್ನು ಮರೆಮಾಡಿತ್ತು. "ಬಾಗಿದ ಸ್ಟೀಲಿನ ದೋಷ" ಅಂದೆ. "ಹೌದೌದು, ಮನೆ ಕನ್ನಡಿಗೂ ಅದೇ ದೋಷ" ಅಂದಳು.

ಅಲ್ಲಿಂದ ಡೇಲಿ ಪ್ಲಾಜಾ. ಅಲ್ಲಿ 1967ರಿಂದ ನಿಂತಿರುವುದು ಪಿಕಾಸೊನ ಐವತ್ತಡಿ ಎತ್ತರದ ಉಕ್ಕಿನ ಶಿಲ್ಪ. ಅದಕ್ಕೆ ಹೆಸರೇ ಇಟ್ಟಿಲ್ಲ. ಹೆಣ್ಣೋ, ಹಕ್ಕಿಯೋ, ನಾಯಿಯೋ, ಬಬೂನೋ ಎಂದು ಊರವರು ಇಷ್ಟು ವರ್ಷವಾದರೂ ಜಗಳವಾಡುತ್ತಾರೆ, ಮಕ್ಕಳು ಅದರ ಬುಡದ ಇಳಿಜಾರಿನಲ್ಲಿ ಜಾರುಬಂಡಿ ಆಡುತ್ತಾರೆ. ನನ್ನ ಮನಸ್ಸು ತುಂಬಿದ್ದು ಶಿಲ್ಪದಿಂದಲ್ಲ, ಅದರ ಹಣಕಾಸಿನಿಂದ. ಒಂದು ಲಕ್ಷ ಡಾಲರ್ ಕೊಡುತ್ತೇವೆಂದರೆ ಪಿಕಾಸೊ ಬೇಡ ಅಂದನಂತೆ, ಊರ ಜನಕ್ಕೆ ಉಡುಗೊರೆ ಎಂದು ಕೊಟ್ಟುಬಿಟ್ಟನಂತೆ. ನನ್ನ ಮಗ್ಗಿಯಲ್ಲಿ ಎಂಬತ್ತೈದು ಲಕ್ಷ! ನನ್ನ ಕಣ್ಣು ಮಂಜಾಯಿತು. "ದುಡ್ಡಿನ ಬಗ್ಗೆ ನನ್ನದೂ ಅವನದೂ ಒಂದೇ ಧೋರಣೆ" ಅಂದೆ.

"ಅವರು ಪುಕ್ಕಟೆ ಕೊಟ್ಟೋರು. ನೀವು ಪುಕ್ಕಟೆ ಸಿಕ್ಕಿದ್ದನ್ನ ಹುಡುಕಿಕೊಂಡು ಬಂದೋರು" ಎಂದು ನಮ್ಮಿಬ್ಬರನ್ನೂ ಬೇರೆ ಬೇರೆ ಕಪಾಟಿಗೆ ಹಾಕಿದ ಇವಳು, ಶಿಲ್ಪವನ್ನು ಎಡಗಡೆಯಿಂದ ಒಮ್ಮೆ ನೋಡಿ, "ಥೇಟ್ ನಿಮ್ಮ ದೊಡ್ಡಕ್ಕ. ಆ ಮೂಗು ನೋಡಿ" ಅಂದಳು. ಕಲೆಯನ್ನು ಒಂದೇ ಕೋನದಿಂದ ನೋಡಬಾರದು, ಬಲಗಡೆಗೂ ಬಾ ಎಂದೆ. ಬಂದಳು, ನೋಡಿದಳು. "ಇಲ್ಲಿಂದಲೂ ಅವರೇ."

ಅರವತ್ತು ದಾಟಿದವರಿಗೆ ಯಾವ ಊರಿನ ಭೂಪಟವಾದರೂ ಶೌಚಾಲಯಗಳ ಭೂಪಟವೇ. ಇದನ್ನು ಪ್ರವಾಸ ಕಥನಗಳಲ್ಲಿ ಯಾರೂ ಬರೆಯುವುದಿಲ್ಲ. ಚಿಕಾಗೋ ಕಲ್ಚರಲ್ ಸೆಂಟರ್ ಒಳಗೆ ನಾವು ಧಾವಿಸಿದ್ದು ಸಂಸ್ಕೃತಿಯ ಹಸಿವಿನಿಂದ ಅಲ್ಲ ಎಂದು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ಕೆಲಸ ಮುಗಿಸಿ ನೆಮ್ಮದಿಯಿಂದ ಮೆಟ್ಟಿಲು ಹತ್ತಿದರೆ ತಲೆಯ ಮೇಲೆ ಟಿಫನಿ ಗಾಜಿನ ಗುಮ್ಮಟ! 1897ರಲ್ಲಿ ಈ ಕಟ್ಟಡವನ್ನು ಸಾರ್ವಜನಿಕ ಗ್ರಂಥಾಲಯವೆಂದು ಕಟ್ಟಿದ್ದು. ಗುಮ್ಮಟದ ಅಡ್ಡಳತೆ 38 ಅಡಿ, ಅದರಲ್ಲಿ ಮೀನಿನ ಪೊರೆಯಂತೆ ಜೋಡಿಸಿದ ಸುಮಾರು 30,000 ಗಾಜಿನ ಚೂರು. ಅದಕ್ಕೂ ಟಿಕೆಟ್ಟಿಲ್ಲ, ಕೆಳಗಿನದಕ್ಕೂ ಟಿಕೆಟ್ಟಿಲ್ಲ. ಲೆಕ್ಕದ ಪುಸ್ತಕದಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡೆ.

ದುಡ್ಡು ಕೊಟ್ಟು ನೋಡಲೇಬೇಕಾದದ್ದು ಆರ್ಟ್ ಇನ್‌ಸ್ಟಿಟ್ಯೂಟ್. ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆ ಎಂದು ತಿಳಿದು ಟಿಕೆಟ್ ಕಿಟಕಿಯ ಮುಂದೆ ಆದಷ್ಟು ಬೆನ್ನು ಬಗ್ಗಿಸಿ ನಿಂತೆ. ಅಲ್ಲಿದ್ದ ಹುಡುಗ ವಯಸ್ಸಿಗೆ ಪುರಾವೆಯನ್ನೇ ಕೇಳಲಿಲ್ಲ, ಆ ಬೇಸರ ಬೇರೆ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಹೊರಗಿನ ರಸ್ತೆಗೆ ಅವರ ಹೆಸರಿನ ಫಲಕವೂ ಇದೆ. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಇದೇ ವಿಷಯಕ್ಕೆ ಬಹುಮಾನ ಗೆದ್ದವನಾದ ನಾನು ಕಂಚಿನ ಸಿಂಹದ ಪಕ್ಕ ನಿಂತು ಪೂರ್ತಿ ಇತಿಹಾಸ ಬಿಡಿಸತೊಡಗಿದೆ. ಇವಳು ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ, "ಅವರು ಕೆಲವೇ ನಿಮಿಷದಲ್ಲಿ ಮುಗಿಸಿದ್ರಂತೆ. ಅದಕ್ಕೇ ಅಷ್ಟು ಹೆಸರು ಬಂತು" ಅಂದಳು.

ಒಳಗೆ ಜಾರ್ಜ್ ಸೂರಾ 1884ರಿಂದ 86ರವರೆಗೆ ಬರೆದ ದೊಡ್ಡ ಚಿತ್ರ, 'ಲಾ ಗ್ರಾಂಡ್ ಜಾಟ್ ದ್ವೀಪದಲ್ಲಿ ಒಂದು ಭಾನುವಾರ'. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ, ಎಲ್ಲವೂ ಚುಕ್ಕಿ. ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕಿ, ಹಿಂದೆ ಸರಿದರೆ ಹುಲ್ಲು, ನೆರಳು, ನೀರು, ಕೊಡೆ. ದೃಷ್ಟಿವಿಜ್ಞಾನದ ಬಗ್ಗೆ ನಾನು ವಿವರಿಸುವಷ್ಟರಲ್ಲಿ ಇವಳು ಚಿತ್ರದ ಬಲಮೂಲೆ ಹಿಡಿದಿದ್ದಳು. ಅಲ್ಲಿ ಕೊಡೆ ಹಿಡಿದ ಹೆಂಗಸು, ಪಕ್ಕದಲ್ಲಿ ಚುರುಟು ಹಿಡಿದ ಗಂಡಸು. ಹೆಂಗಸಿನ ಕೈಯಲ್ಲೊಂದು ಹಗ್ಗ, ಹಗ್ಗದ ಕೊನೆಗೆ ಕೋತಿ.

"ಜಾಣೆ ಇವಳು" ಅಂದಳು ನನ್ನಾಕೆ. "ಕಟ್ಟಿಕೊಂಡು ಬಂದಿದ್ದಾಳೆ. ನಾನು ಹಾಗೇ ಬಿಟ್ಟಿದ್ದೀನಿ."

ಮುಖ ಗಂಟುಹಾಕಿಕೊಂಡೇ 1930ರ 'ಅಮೆರಿಕನ್ ಗಾಥಿಕ್' ಚಿತ್ರದ ಮುಂದೆ ಹೋಗಿ ನಿಂತೆ. ಕವಲುಗೋಲು ಹಿಡಿದ ರೈತ, ಪಕ್ಕದಲ್ಲೊಬ್ಬ ಹೆಂಗಸು, ಇಬ್ಬರ ಮುಖದಲ್ಲೂ ನಗುವಿನ ಸುಳಿವಿಲ್ಲ. ಗ್ರಾಂಟ್ ವುಡ್ ಇದಕ್ಕೆ ಎದುರು ನಿಲ್ಲಿಸಿಕೊಂಡದ್ದು ತನ್ನ ತಂಗಿಯನ್ನು ಮತ್ತು ತನ್ನ ಹಲ್ಲಿನ ಡಾಕ್ಟರನ್ನು. ಲೋಕದಲ್ಲೆಲ್ಲ ಹಲ್ಲಿನ ಡಾಕ್ಟರು ನಮ್ಮ ಬಾಯಿ ತೆರೆಸುತ್ತಾರೆ. ಇಲ್ಲಿ ಡಾಕ್ಟರೇ ಬಾಯಿ ಬಿಗಿದು ನಿಂತಿದ್ದಾರೆ. ಅಲ್ಲಿದ್ದ ಹುಡುಗಿಯೊಬ್ಬಳಿಗೆ ಫೋನ್ ಕೊಟ್ಟು ನಮ್ಮದೊಂದು ಫೋಟೊ ತೆಗೆಯಮ್ಮ ಅಂದೆವು. ನಾವು ಇನ್ನೂ ತಲೆ ಬಾಚಿ ಸಿದ್ಧವಾಗುವ ಮೊದಲೇ ಅವಳು ಹಿಗ್ಗಿ, "ಪರ್ಫೆಕ್ಟ್! ಹಾಗೇ ಇರಿ, ದಯವಿಟ್ಟು ನಗಬೇಡಿ" ಅಂದಳು. ಆ ಫೋಟೊವನ್ನು ಮಗಳು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. 'ಅನುಕರಣೆ ಅದ್ಭುತ' ಎಂದು ಎಲ್ಲರೂ ಹೊಗಳಿದರು. ಅದು ನಮ್ಮ ಮಾಮೂಲಿ ಮುಖ ಎಂದು ಯಾರಿಗೂ ಹೇಳಿಲ್ಲ.

ಊಟದ ವಿಚಾರ. ಮೊದಲ ಸುತ್ತಿಗೆ ನಾನು ಪಾರ್ಕಿನ ಬೆಂಚಿನ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿಸಿದೆ. ಸುತ್ತಲಿನವರು ನೋಡಿದರೆ ಏನಂದುಕೊಂಡಾರು ಎಂದಳು ಇವಳು. ನಮ್ಮ ಮೈಸೂರಿನವರೇ ಆದ ಎ.ಕೆ. ರಾಮಾನುಜನ್ 1993ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕ ಇದೇ ಊರಿನ ದಕ್ಷಿಣ ಭಾಗದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ವಚನಗಳನ್ನು ಇಂಗ್ಲಿಷಿಗೆ ತರುತ್ತಾ ಬಾಳಿದರು, ಈ ಗಾಳಿಗೆ ಕನ್ನಡ ಹೊಸದಲ್ಲ, ಪುಳಿಯೋಗರೆಯೂ ಹೊಸದಿರಲಾರದು ಎಂದೆ. ಇವಳು ತುತ್ತು ಹಿಡಿದು ಯೋಚಿಸಿ, "ಪಾಪ, ಆ ಕಾಲದಲ್ಲಿ ಹುಣಸೆಹಣ್ಣು ಎಲ್ಲಿಂದ ತರ್ತಿದ್ರೋ?" ಅಂದಳು. ನಾನು ಓದಿದ ಯಾವ ವಿಮರ್ಶಕನೂ ಈ ಪ್ರಶ್ನೆ ಎತ್ತಿಲ್ಲ.

ಸಂಜೆಗೆ ಡಬ್ಬಿ ಖಾಲಿ, ಹೊಟ್ಟೆಯೂ ಖಾಲಿ. ಚಿಕಾಗೋ ಹಾಟ್‌ಡಾಗಿನ ಮೇಲೆ ಒಂದು ತೋಟವೇ ಇರುತ್ತದೆ: ಗಸಗಸೆ ಮೆತ್ತಿದ ಬನ್ನು, ಸಾಸಿವೆ ಸಾಸು, ಈರುಳ್ಳಿ, ಟೊಮೆಟೊ, ಕಣ್ಣು ಕುಕ್ಕುವ ಹಸಿರು ರೆಲಿಶ್, ಉಪ್ಪುನೀರಿನ ಸೌತೆಕಾಯಿಯ ಉದ್ದನೆ ಸೀಳು, ಪುಟ್ಟ ಮೆಣಸಿನಕಾಯಿ, ಮೇಲೆ ಸೆಲರಿ ಉಪ್ಪು. ಸಾಸೇಜ್ ಒಂದನ್ನು ತೆಗೆದರೆ ಅಪ್ಪಟ ಸಸ್ಯಾಹಾರ. ತೆಗೆಸಿದೆ. "ತೆಗೆದದ್ದಕ್ಕೆ ಎಷ್ಟು ಕಡಿತ?" ಎಂದು ಕೇಳಿದೆ. ಕಡಿತವಿಲ್ಲ ಅಂದ ಅಂಗಡಿಯವ. ಹಾಗಾದರೆ ಬದಲಿಗೆ ಒಂದಿಷ್ಟು ಕೆಚಪ್ ಆದರೂ ಹಾಕಪ್ಪ ಅಂದೆ. ಹಿಂದಿನ ಸಾಲು ಗಪ್‌ಚುಪ್ ಆಯಿತು. ಹಾಟ್‌ಡಾಗಿಗೆ ಕೆಚಪ್ ಕೇಳುವುದು ಈ ಊರಿನಲ್ಲಿ ಮಹಾಪರಾಧವಂತೆ. ಇವಳು ನಾಲ್ಕು ಹೆಜ್ಜೆ ಆಚೆ ಸರಿದು, ನನ್ನ ಪರಿಚಯವೇ ಇಲ್ಲದವಳ ಹಾಗೆ ಕಟ್ಟಡ ನೋಡತೊಡಗಿದಳು.

ಡೀಪ್ ಡಿಶ್ ಪಿಜ್ಜಾ ಇನ್ನೊಂದು ಅಧ್ಯಾಯ. 1943ರಲ್ಲಿ ಇದೇ ಡೌನ್‌ಟೌನಿನ ಪಿಜ್ಜೇರಿಯಾ ಉನೊದಲ್ಲಿ ಹುಟ್ಟಿದ ತಿಂಡಿ. ಬಾಣಲೆಯ ಅಂಚಿನವರೆಗೆ ಹಿಟ್ಟಿನ ಗೋಡೆ ಎಬ್ಬಿಸಿ, ಚೀಸನ್ನು ಕೆಳಗೆ ಹಾಕಿ ಟೊಮೆಟೊ ಸಾಸನ್ನು ಮೇಲೆ ಸುರಿಯುತ್ತಾರೆ. ಬೇಯಲು ಮುಕ್ಕಾಲು ಗಂಟೆ. ಇವಳು ಚಿಕ್ಕದು ಸಾಕೆಂದಳು. ನಾನು ಪೇಪರ್ ನ್ಯಾಪ್ಕಿನ್ನಿನ ಮೇಲೆ ವೃತ್ತದ ವಿಸ್ತೀರ್ಣ ಕಟ್ಟಿ, ಚದರ ಇಂಚಿಗೆ ದೊಡ್ಡದೇ ಅಗ್ಗವೆಂದು ಸಾಧಿಸಿ ತೋರಿಸಿದೆ. ಗಣಿತ ಸರಿಯಾಗಿತ್ತು. ಆದರೆ ತಲಾ ಒಂದೇ ತುಂಡಿಗೆ ಇಬ್ಬರೂ ಶರಣಾದೆವು. ಬಿಲ್ಲಿನ ಯಂತ್ರ ಟಿಪ್ಸ್ ಹದಿನೆಂಟೋ, ಇಪ್ಪತ್ತೋ, ಇಪ್ಪತ್ತೆರಡೋ ಎಂದು ಕೇಳಿತು. ಇದರಲ್ಲಿ 'ಯೋಚಿಸಿ ಹೇಳುತ್ತೇನೆ' ಎಂಬ ಗುಂಡಿ ಎಲ್ಲಿದೆ ಎಂದು ನಾನು ಹುಡುಕುವಷ್ಟರಲ್ಲಿ ಇವಳು ಇಪ್ಪತ್ತು ಒತ್ತಿಯಾಗಿತ್ತು. ಉಳಿದ ಪಿಜ್ಜಾದ ಡಬ್ಬವನ್ನು ಎರಡೂ ಕೈಯಲ್ಲಿ ಹೊತ್ತು ನಾನು ಶಾಪಿಂಗಿಗೆ ಹೊರಟೆ.

ಸ್ಟೇಟ್ ಸ್ಟ್ರೀಟಿನ ಮೇಸೀಸ್ ಮೊದಲು ಮಾರ್ಷಲ್ ಫೀಲ್ಡ್ಸ್ ಆಗಿತ್ತು. 1907ರಲ್ಲಿ ಅದರೊಳಗೊಂದು ಟಿಫನಿ ಚಾವಣಿ ಮಾಡಿಸಿದರು, 16 ಲಕ್ಷ ಗಾಜಿನ ತುಣುಕು. ಅಲ್ಲಿನ ಹಳೆಯ ಕತೆಯೊಂದು ಹೀಗಿದೆ: 1890ರಲ್ಲಿ ಟೋಪಿ ವಿಭಾಗದ ಮಿಸೆಸ್ ಹೆರಿಂಗ್ ಎಂಬಾಕೆ, ಹಸಿದು ಹೊರಟುನಿಂತ ಗಿರಾಕಿಗಳಿಗೆ ಮನೆಯಿಂದ ತಂದ ತನ್ನ ಊಟವನ್ನೇ ಬಡಿಸಿ ಉಳಿಸಿಕೊಂಡಳಂತೆ. ಅಂಗಡಿಯೊಳಗೆ ಹೋಟೆಲು ಶುರುವಾದದ್ದು ಹಾಗೆ. "ನೋಡಿ, ಡಬ್ಬಿ ತರೋದು ಯಾಪಾರಕ್ಕೂ ಒಳ್ಳೇದು" ಅಂದಳು ಇವಳು. ಡಬ್ಬಿ ತರುವ ಯೋಜನೆ ನನ್ನದು ಎಂಬುದು ಅಷ್ಟರಲ್ಲಿ ಮರೆತುಹೋಗಿತ್ತು. 'ಅಮ್ಮಾವ್ರು ಕೇಳಿದ್ದನ್ನು ಕೊಡಿ' ಎಂಬುದು ಹಳೆಯ ಮಾಲೀಕರ ನೀತಿಯಂತೆ. ಅಂಗಡಿ ಕೈಬದಲಾದರೂ ನೀತಿ ಬದಲಾದಂತೆ ಕಾಣಲಿಲ್ಲ. ನಾನು ಚಾವಣಿ ನೋಡುತ್ತಾ ಕತ್ತು ಹಿಡಿಸಿಕೊಳ್ಳುವಷ್ಟರಲ್ಲಿ ಇವಳ ತೋಳಿನ ಮೇಲೆ ಎರಡು ಸ್ವೆಟರ್, ಬುಟ್ಟಿಯಲ್ಲಿ ನೆಂಟರಿಗೆಂದು ಫ್ರಾಂಗೋ ಪುದೀನ ಚಾಕೊಲೇಟ್. ಚೀಟಿಯ ಮೇಲಿನ ಬೆಲೆಗೆ ನಾನು ಮಗ್ಗಿ ಹೇಳಿ ಮುಗಿಸಿ ಎದೆ ಗಟ್ಟಿ ಮಾಡಿಕೊಂಡರೆ, ಕೌಂಟರಿನಲ್ಲಿ ಅದರ ಮೇಲೆ ಶೇಕಡಾ ಹತ್ತಕ್ಕೂ ಮಿಗಿಲಾದ ತೆರಿಗೆ ಏರಿತು. ಎಂಆರ್‌ಪಿ ನೋಡಿ ಬೆಳೆದ ಜೀವಕ್ಕೆ ಇದನ್ನು ತಾಳಿಕೊಳ್ಳುವುದು ಕಷ್ಟ.

ರಾತ್ರಿ ಮಗಳ ಮನೆಯ ಸೋಫಾದ ಮೇಲೆ ಲೆಕ್ಕದ ಪುಸ್ತಕ ಬಿಚ್ಚಿದೆ. ಖರ್ಚಿನ ಪುಟ ನೋಡಲಾಗದೆ ಎದುರಿನ ಪುಟದಲ್ಲಿ ಉಳಿತಾಯ ಬರೆದೆ. ಬೀನು, ಪಿಕಾಸೊ, ಎರಡು ಟಿಫನಿ, ಸರೋವರ. ಒಂದೊಂದಕ್ಕೂ ಇಪ್ಪತ್ತು ಡಾಲರ್ ಟಿಕೆಟ್ ಇಟ್ಟಿದ್ದರೆ ಇಬ್ಬರಿಗೆ ಇನ್ನೂರು. ಅಷ್ಟನ್ನೂ ಉಳಿಸಿದ್ದೇನೆಂದು ಎಲ್ಲರಿಗೂ ಕೇಳುವಂತೆ ಘೋಷಿಸಿದೆ.

"ಇನ್ನೂರು ಡಾಲರ್ ಉಳಿಸಿದ್ರಾ? ಲೆಕ್ಕ ತಪ್ಪಿಲ್ಲ ತಾನೆ?" ಇವಳು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು.

"ಲೆಕ್ಕ ತಪ್ಪೋದಾ? ಯಾರ ಹತ್ರ ಮಾತಾಡ್ತಿದ್ದೀಯಾ!"

"ಉಳಿದಿದೆ ಅಂದ್ಮೇಲೆ ಎಲ್ಲಾದ್ರೂ ಇರಬೇಕಲ್ಲ. ಕೊಡಿ. ಶನಿವಾರ ನಾನೂ ಮಗಳೂ ಮತ್ತೆ ಹೋಗ್ತಿದ್ದೀವಿ."

ಮಗಳು ನಕ್ಕಳು, ಅಳಿಯ ಟೀವಿಯ ಕಡೆ ತಿರುಗಿದ. ಅಂಕಿ ನನ್ನ ಕೈಬರಹದಲ್ಲೇ ಇತ್ತು, ಕೆಳಗೆ ಅಭ್ಯಾಸಬಲದಿಂದ ಹಾಕಿದ ನನ್ನದೇ ಸಹಿ. ಪರ್ಸು ತೆಗೆದೆ, ಎಣಿಸಿ ಕೊಟ್ಟೆ, ಖರ್ಚಿನ ಪುಟಕ್ಕೆ ಮರಳಿ ಕೊನೆಯ ಸಾಲು ಬರೆದೆ: 'ಪುಕ್ಕಟೆ ಕಲೆಯ ಬಾಬ್ತು, 200 ಡಾಲರ್.'