ಡೆಮೋರಸಮೀಮಾಂಸೆ ಅಥವಾ ಹೊರಟುನಿಂತ ಮ್ಯಾನೇಜರರ ಹೆಮ್ಮೆಯ ಲಕ್ಷಣನಿರೂಪಣೆ

ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿ ನಿಲ್ಲಿಸಿದ. ಶಾಂತವನ್ನು ಒಂಬತ್ತನೆಯದಾಗಿ ಆಮೇಲಿನವರು ಸೇರಿಸಿಕೊಂಡರು. ಹತ್ತನೆಯ ಸ್ಥಾನಕ್ಕೆ ಭಕ್ತಿ, ವಾತ್ಸಲ್ಯಗಳ ಅರ್ಜಿಗಳು ಬಹುಕಾಲದಿಂದ ಬಾಕಿ ಇವೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಪರವಾಗಿ ನಾವೂ ಒಂದು ಅರ್ಜಿ ಗುಜರಾಯಿಸುತ್ತಿದ್ದೇವೆ: ಡೆಮೋರಸ.

ಸೂತ್ರ 1: ರಾಜೀನಾಮೆಯಿಂದ ಹೆಮ್ಮೆಗೆ ಪರಿಪಾಕ.

ವ್ಯಾಖ್ಯಾನ: ಉಳಿಯುವ ಮ್ಯಾನೇಜರಿಗೆ ಡೆಮೋ ಎಂದರೆ ಭಯಾನಕ; ಹೊರಡುವ ಮ್ಯಾನೇಜರಿಗೆ ಮಾತ್ರ ಅದು ಹೆಮ್ಮೆ. ಡೆಮೋದಲ್ಲಿ ಕಂಡದ್ದನ್ನೆಲ್ಲ ಕ್ಲೈಂಟ್ ಮುಂದಿನ ತಿಂಗಳು ಕೇಳಿಯೇ ಕೇಳುತ್ತಾನೆ. ಆಗ ಉಳಿದುಕೊಂಡವರು ಮೀಟಿಂಗಿನಲ್ಲಿರುತ್ತಾರೆ, ಹೊರಟುಹೋದವರು ಬೇರೆ ಕಂಪನಿಯ ಇಂಡಕ್ಷನ್‌ನಲ್ಲಿರುತ್ತಾರೆ.

ಸೂತ್ರ 2: ತಂಡವು ಆಲಂಬನ, ಪ್ರೊಜೆಕ್ಟರು ಉದ್ದೀಪನ.

ವ್ಯಾಖ್ಯಾನ: ಮೊದಲಿಗೆ ಪೂರ್ವರಂಗ. ಅದರಲ್ಲಿ ‘ನನ್ ಸ್ಕ್ರೀನ್ ಕಾಣಿಸ್ತಿದ್ಯಾ?’ ಎಂಬ ನಾಂದಿಗೆ ‘ಮ್ಯೂಟಲ್ಲಿದೀರ ಸಾರ್’ ಎಂಬುದು ನಿಯತವಾದ ಪ್ರತಿವಚನ. ಆಮೇಲೆ ಎಂಟು ಸಾತ್ತ್ವಿಕ ಭಾವಗಳು. ಲೋಡಿಂಗ್ ಚಕ್ರ ತಿರುಗುತ್ತಲೇ ಇರುವಾಗ ಎಲ್ಲರಿಗೂ ಆಗುವುದು ಸ್ತಂಭ. ‘ಬೆಳಿಗ್ಗೆ ಸರಿ ಇತ್ತು’ ಎನ್ನುವಾಗ ಬರುವುದು ಸ್ವರಭೇದ. ವೈವರ್ಣ್ಯಕ್ಕೆ ಲೋಕಪ್ರಸಿದ್ಧ ಉದಾಹರಣೆ 1998ರ ಏಪ್ರಿಲ್ 20ರಂದು ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ದೊರೆಯುತ್ತದೆ: ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ, ಸ್ಕ್ಯಾನರ್ ಜೋಡಿಸಿದ ಕೂಡಲೇ, ವಿಂಡೋಸ್ 98 ನೀಲಿಗಟ್ಟಿತು. ಪ್ರಳಯವೆಂಬ ಎಂಟನೆಯದು ಸರ್ವರಿಗೆ ಮೀಸಲು.

ಪೂರ್ವಪಕ್ಷ: ಗರ್ವವನ್ನು ಭರತನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸೇರಿಸಿದ್ದಾನೆ. ಬಂದುಹೋಗುವ ಭಾವ ಡೆಮೋರಸಕ್ಕೆ ಸ್ಥಾಯಿಯಾಗುವುದು ಹೇಗೆ?

ಸಮಾಧಾನ: ಇಲ್ಲಿ ಮ್ಯಾನೇಜರೇ ಬಂದುಹೋಗುವವರು. ಅವರಿಗೆ ಹೋಲಿಸಿದರೆ ಗರ್ವ ಸ್ಥಾಯಿ.

ಸೂತ್ರ 3: ಡೆಮೋ ಬಳಿಕ ನಿರ್ಗಮನ, ಹಿರಿಯರ ನಡೆಯೇ ಪ್ರಮಾಣ.

ವ್ಯಾಖ್ಯಾನ: 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ 90 ನಿಮಿಷ ಕೂತು ಮೌಸ್, ಹೈಪರ್‌ಟೆಕ್ಸ್ಟ್, ವಿಡಿಯೋ ಸಂಭಾಷಣೆಗಳನ್ನು ಒಟ್ಟಿಗೆ ತೋರಿಸಿದ. ಕಂಪ್ಯೂಟರ್ ಇದ್ದದ್ದು ದೂರದ ಮೆನ್ಲೋ ಪಾರ್ಕಿನಲ್ಲಿ. ಸಭಾಂಗಣಕ್ಕೆ ಮೈಕ್ರೋವೇವ್ ಕೊಂಡಿಯ ಮೂಲಕ ಬಂದದ್ದು ಅದರ ಚಿತ್ರ. ತೆರೆಮರೆಯ ಸೂತ್ರಧಾರ ಬಿಲ್ ಇಂಗ್ಲಿಷ್. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಸೇರಿ ತಂಡದ ಹಲವರು ಜೆರಾಕ್ಸ್ ಕಂಪನಿಯ ಪಾರ್ಕ್ (PARC) ಸಂಶೋಧನಾ ಕೇಂದ್ರ ಸೇರಿದರು. ಇಲ್ಲಿ ಹೊರಟದ್ದು ತಂಡ, ಉಳಿದದ್ದು ನಾಯಕ ಎಂದು ಆಕ್ಷೇಪಿಸುವವರಿದ್ದಾರೆ. ಯಾರೋ ಒಬ್ಬರು ಹೊರಟರೆ ಸಾಕು, ಲಕ್ಷಣಕ್ಕೆ ಭಂಗವಿಲ್ಲ.

ಮತ್ತೊಂದು ಪೂರ್ವಪಕ್ಷ: ಮ್ಯಾನೇಜರು ಒಂದು ಸಾಲು ಕೋಡ್ ಬರೆದವರಲ್ಲ. ಈ ಹೆಮ್ಮೆಗೆ ಅವರಿಗೆ ಅಧಿಕಾರವೆಲ್ಲಿದೆ?

ಸಿದ್ಧಾಂತ: ರಸಾಸ್ವಾದ ನಟನದಲ್ಲ, ಸಹೃದಯನದು ಎಂದು ಅಭಿನವಗುಪ್ತನೇ ಇತ್ಯರ್ಥ ಮಾಡಿದ್ದಾನೆ. ಕೋಡ್ ಬರೆದವನಿಗೆ ಡೆಮೋದ ಹೊತ್ತಿನಲ್ಲಿ ಆಸ್ವಾದಕ್ಕೆ ಪುರಸೊತ್ತಿಲ್ಲ. ಅರ್ಧಕ್ಕೆ ಅಂಟಿಸಿದ ನಕಲಿ ಡೇಟಾ ಯಾವ ಪುಟದಲ್ಲಿ ಬಾಯಿಬಿಡುತ್ತದೋ ಎಂದು ಅವನು ಬೆವರುತ್ತಿರುತ್ತಾನೆ. ಯಾವ ಗುಂಡಿ ಒತ್ತಬಾರದೆಂಬುದನ್ನು ಬಲ್ಲ ಮ್ಯಾನೇಜರು ಹಿಂದಿನ ಸಾಲಿನಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಅವರು ನೋಡುತ್ತಿರುವುದು ತೆರೆಯನ್ನಲ್ಲ, ತಂಡವನ್ನು. ಸೇರಿದ ಹೊಸತರಲ್ಲಿ ಸ್ಟ್ಯಾಂಡಪ್‌ನಲ್ಲಿ ತನ್ನ ಹೆಸರು ಹೇಳುವುದಕ್ಕೂ ತಡವರಿಸುತ್ತಿದ್ದ ಹುಡುಗಿ ಈಗ ಕ್ಲೈಂಟ್ ಪ್ರಶ್ನೆಯನ್ನು ಅರ್ಧದಲ್ಲೇ ತಡೆದು, ‘ಅದು ಹಾಗಲ್ಲ, ತೋರಿಸ್ತೀನಿ ಇರಿ’ ಅನ್ನುತ್ತಿದ್ದಾಳೆ. ಈ ಸಂಗತಿ ಯಾವ ಸ್ಲೈಡಿನಲ್ಲೂ ಇಲ್ಲ, ಅಪ್ರೈಸಲ್ ಫಾರ್ಮಿನಲ್ಲಿ ಇದಕ್ಕೆ ಕಾಲಮ್ಮೂ ಇಲ್ಲ. ಯಾವ ಕಾಲಮ್ಮಿಗೂ ಸೇರದೆ ಅನುಭವಕ್ಕೆ ಮಾತ್ರ ಬರುವುದನ್ನು ರಸವೆನ್ನದೆ ಗತ್ಯಂತರವಿಲ್ಲ. ಆದಕಾರಣ ಡೆಮೋರಸ ಸಿದ್ಧ.

ಫಲಶ್ರುತಿ: ಇದನ್ನು ಡೆಮೋಗೆ ಮುನ್ನ ಪಠಿಸಿದವರ ವೈಫೈ ಸ್ಥಿರವಾಗುವುದು. ನಡುವೆ ಪಠಿಸಿದವರು ಮ್ಯೂಟ್ ಆಗುವರು. ನೋಟಿಸ್ ಅವಧಿ ಪೂರ್ತಿ ಪಠಿಸಿದ ಮ್ಯಾನೇಜರಿಗೆ ರಿಲೀವಿಂಗ್ ಲೆಟರ್ ಸಕಾಲಕ್ಕೆ ಲಭಿಸುವುದು. ಅವರ ಜಾಗಕ್ಕೆ ಬಂದವರಿಗೆ ಮೊದಲ ಸೋಮವಾರವೇ, ಆವತ್ತು ಒತ್ತದೆ ಬಿಟ್ಟ ಗುಂಡಿಯನ್ನು ಕ್ಲೈಂಟ್ ಒತ್ತಿದ್ದಾನೆಂಬ ಈಮೇಲ್ ಲಭಿಸುವುದು.